ಕಾಡಾಗಿ ಬೆಳೆದ ಹೂಗಿಡಗಳಿಗೆ ಚಳಿಗಾಲದಲ್ಲಿ ಕತ್ತರಿ ಹಾಕಬಹುದೇ?

ಪ್ರಶ್ನೆ: ಮೈಸೂರಿನಲ್ಲಿರುವ ನಮ್ಮ ಅತ್ತೆಯವರ ಮನೆಗೆ ನಾಲ್ಕು ವರ್ಷ ಬೀಗ ಹಾಕಿತ್ತು. ಕಳೆದ ತಿಂಗಳು ಎಲ್ಲರೂ ವಾಪಸು ಬಂದೆವು. ಕಾಂಪೌಂಡಿನೊಳಗೆ ಕಾಲಿಡಲು ಜಾಗವಿಲ್ಲ. ದಾಸವಾಳ ತಾರಸಿ ಮುಟ್ಟಿದೆ, ಹೂ ಬಿಡುವುದು ಕೈಗೆ ಸಿಗದ ತುದಿಯಲ್ಲಿ ಮಾತ್ರ. ಗುಂಡುಮಲ್ಲಿಗೆ, ಜಾಜಿ, ನಂದಿಬಟ್ಟಲು, ಕಣಗಿಲೆ, ಪಾರಿಜಾತ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಗೋಡೆ ಮೇಲೆ ಕಾಗದದ ಹೂವಿನ ಬಳ್ಳಿ, ನಾಲ್ಕು ಗುಲಾಬಿ ಗಿಡ, ಗೇಟಿನ ಎರಡೂ ಪಕ್ಕ ಥೂಜಾ. ಮಾಲಿಯೊಬ್ಬರು ಬಂದು ನೋಡಿ, 'ಚಳಿಗಾಲ ಕಟಿಂಗಿಗೆ ಒಳ್ಳೆ ಟೈಮು, ಎಲ್ಲಾನೂ ಮೊಣಕಾಲೆತ್ತರಕ್ಕೆ ಹೊಡೆದುಹಾಕ್ತೀನಿ' ಅಂದರು. ಅತ್ತೆಯವರು 'ಧನುರ್ಮಾಸದಲ್ಲಿ ಪೂಜೆಗೆ ಹೂ ಬೇಕು, ಸಂಕ್ರಾಂತಿಯವರೆಗೆ ಯಾವ ಗಿಡಾನೂ ಮುಟ್ಟಬೇಡಿ' ಅನ್ನುತ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತೂ ಅರ್ಧರ್ಧ ಸರಿ. ಅತ್ತೆಯವರದು ಸ್ವಲ್ಪ ಜಾಸ್ತಿ ಸರಿ.

'ಚಳಿಗಾಲವೇ ಸವರುವ ಕಾಲ' ಎನ್ನುವ ಮಾತು ಹಿಮ ಬೀಳುವ ದೇಶಗಳ ತೋಟದ ಪುಸ್ತಕ, ವಿಡಿಯೋಗಳಿಂದ ಬಂದದ್ದು. ಅಲ್ಲಿ ಬಹಳಷ್ಟು ಗಿಡಗಳು ಎಲೆ ಉದುರಿಸಿ ನಾಲ್ಕೈದು ತಿಂಗಳು ನಿದ್ದೆ ಹೋಗುತ್ತವೆ. ಆಗ ಕಡಿದರೆ ಗಿಡಕ್ಕೆ ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಆ ನಿದ್ದೆ ಎಲ್ಲಿದೆ? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಮೈಸೂರಿನ ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸು. ನಮಗೆ ಸ್ವೆಟರ್ ಬೇಕಾದೀತು, ದಾಸವಾಳಕ್ಕೆ ಅದು ತೂಕಡಿಕೆ ಅಷ್ಟೇ. ಚಿಗುರುವುದು ನಿಧಾನ, ನಿಂತಿರುವುದಿಲ್ಲ. ಹಾಗಾಗಿ ನಮ್ಮಲ್ಲಿ ಕ್ಯಾಲೆಂಡರ್ ನೋಡಿ ಇಡೀ ತೋಟಕ್ಕೆ ಒಂದೇ ದಿನ ಕತ್ತರಿ ಹಾಕಲು ಬರುವುದಿಲ್ಲ. ಪ್ರತಿ ಗಿಡದ ಮುಂದೆ ನಿಂತು ಒಂದು ಪ್ರಶ್ನೆ ಕೇಳಬೇಕು: ಇದು ಹೂ ಬಿಡುವುದು ಹೊಸ ಚಿಗುರಿನಲ್ಲೋ, ಬಲಿತ ಕಡ್ಡಿಯಲ್ಲೋ, ಮತ್ತು ಯಾವ ತಿಂಗಳಲ್ಲಿ?

ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರನ್ನು ನೋಡಿ. ಒಂದೇ ಬಳ್ಳಿಗೆ ವರ್ಷದಲ್ಲಿ ಎರಡು ಸಲ ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಎರಡನ್ನೂ ಅದಲುಬದಲು ಮಾಡಿದರೆ ವರ್ಷದ ಅನ್ನಕ್ಕೆ ಕಲ್ಲು. ಮನೆಯ ತೋಟದಲ್ಲಿ ನಷ್ಟ ಅಷ್ಟು ದೊಡ್ಡದಲ್ಲ, ಲೆಕ್ಕ ಮಾತ್ರ ಅದೇ.

ನಿಮ್ಮ ತೋಟದಲ್ಲಿ ಈಗಲೇ, ಈ ವಾರವೇ ಕತ್ತರಿ ಬೇಡುತ್ತಿರುವುದು ಗುಂಡುಮಲ್ಲಿಗೆ. ಅತ್ತೆಯವರಿಗೂ ಇದರಲ್ಲಿ ತಕರಾರಿರಲಾರದು, ಏಕೆಂದರೆ ಚಳಿಯಲ್ಲಿ ಅದು ಹೇಗೂ ಹೂ ಕೊಡುವುದಿಲ್ಲ. ಹೂವಿನ ಬೆಳೆಗಾರರು ನವೆಂಬರ್ ಕೊನೆಯ ವಾರದಲ್ಲೇ ಇದನ್ನು ನೆಲದಿಂದ ಸುಮಾರು ಒಂದೂವರೆ ಅಡಿಗೆ, ಅಂದರೆ 45-50 ಸೆಂಟಿಮೀಟರಿಗೆ ಕತ್ತರಿಸಿಬಿಡುತ್ತಾರೆ. ನೀವು ಒಂದೆರಡು ವಾರ ತಡವಾಗಿದ್ದೀರಿ, ಪರವಾಗಿಲ್ಲ. ಕತ್ತರಿಸುವ ಮೊದಲು ಒಂದು ವಾರ ನೀರು ಕೊಡಬೇಡಿ. ಕತ್ತರಿಸಿದ ಮೇಲೆ ಉಳಿದ ಕಡ್ಡಿಗಳ ಮೇಲಿನ ಹಳೆ ಎಲೆಗಳನ್ನೂ ಕೈಯಿಂದ ಸವರಿ ತೆಗೆಯಿರಿ, ಬುಡದ ಸುತ್ತ ಮಣ್ಣು ಸಡಿಲಿಸಿ ಕೊಳೆತ ಸಗಣಿಗೊಬ್ಬರ ಹಾಕಿ, ಆಮೇಲೆ ನೀರು. ನೋಡಲು ಬರೀ ಕಡ್ಡಿಗಳ ಕಂತೆ ಹಾಗೆ ಕಾಣುತ್ತದೆ, ಅಕ್ಕಪಕ್ಕದವರು 'ಅಯ್ಯೋ ಪಾಪ' ಅನ್ನುತ್ತಾರೆ. ಬೇಸಿಗೆ ಬರಲಿ, ಅವರೇ ಹೂ ಕೇಳಿಕೊಂಡು ಬರುತ್ತಾರೆ. ಮಾಲಿಯ 'ಮೊಣಕಾಲೆತ್ತರ' ನಿಮ್ಮ ತೋಟದಲ್ಲಿ ಪೂರ್ತಿ ಸರಿಹೋಗುವುದು ಈ ಗಿಡಕ್ಕೆ ಮಾತ್ರ.

ಮಲ್ಲಿಗೆಗಳೆಲ್ಲ ಒಂದೇ ಎಂದುಕೊಂಡರೆ ಮಾತ್ರ ಮೋಸ ಹೋಗುತ್ತೀರಿ. ಜಾಜಿಗೆ ಡಿಸೆಂಬರ್ ಕೊನೆಯ ವಾರ, ಸೂಜಿಮಲ್ಲಿಗೆಗೆ ಜನವರಿ ಕೊನೆಯ ವಾರ. ಕಾಕಡವಂತೂ ಉಳಿದ ಮಲ್ಲಿಗೆಗಳು ಬರಿಗೈ ತೋರಿಸುವ ಚಳಿಯಲ್ಲೇ ಹೂ ಕೊಡುವುದು. ಪೊದೆಯಲ್ಲಿ ಎಲ್ಲಾದರೂ ಕಾಕಡ ಸೇರಿಕೊಂಡಿದ್ದರೆ ಅದನ್ನು ಈಗ ಮುಟ್ಟಬೇಡಿ. ಯಾವುದು ಯಾವುದೆಂದು ತಿಳಿಯದಿದ್ದರೆ ಅತ್ತೆಯವರನ್ನು ಕರೆದುಕೊಂಡು ಹೋಗಿ. ಗಿಡ ನೆಟ್ಟವರ ಕೈಗೆ ಎಲೆ ಮುಟ್ಟಿದರೆ ಸಾಕು, ಗೊತ್ತಾಗುತ್ತದೆ.

ಇನ್ನು ದಾಸವಾಳ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇದನ್ನು ಅರ್ಥ ಮಾಡಿಕೊಂಡರೆ ಉಳಿದ ಮುಕ್ಕಾಲು ಗಿಡ ಅರ್ಥವಾದ ಹಾಗೆ.

ಬೆಳೆದ ಗಿಡ ಕಂಡಾಗ ನಮ್ಮ ಕೈ ಹೋಗುವುದು ತುದಿಗೆ. ಉದ್ದದ ಕತ್ತರಿ ಹಿಡಿದು ತಲೆಗೂದಲು ಕತ್ತರಿಸಿದ ಹಾಗೆ ಮೇಲಿಂದ ಸಮ ಮಾಡುತ್ತೇವೆ. ತಪ್ಪಾಗುವುದೇ ಇಲ್ಲಿ. ಪ್ರತಿ ಕೊಂಬೆಯ ತುದಿಯ ಕುಡಿ ಆಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ಕೆಳಕ್ಕೆ ಕಳಿಸುತ್ತಿರುತ್ತದೆ. ಅದು ಇಳಿಯುತ್ತಿರುವಷ್ಟು ಕಾಲ ಕೆಳಗಿನ ಎಲೆಸಂದಿಯ ಮೊಗ್ಗುಗಳು ತೆಪ್ಪಗಿರುತ್ತವೆ, ಯಜಮಾನರು ಜಗುಲಿಯಲ್ಲಿ ಕೂತಿರುವಾಗ ತಮ್ಮಂದಿರು ಬಾಯಿ ಬಿಡದ ಹಾಗೆ. ತುದಿ ಕತ್ತರಿಸಿದಿರೋ, ಕತ್ತರಿಸಿದ ಜಾಗದ ಕೆಳಗಿರುವ ಮೂರು ನಾಲ್ಕು ಮೊಗ್ಗುಗಳು ಒಟ್ಟಿಗೇ ಏಳುತ್ತವೆ. ಒಂದು ಕಡ್ಡಿ ಇದ್ದಲ್ಲಿ ನಾಲ್ಕು. ಮುಂದಿನ ಸಲ ಅವುಗಳ ತುದಿ ಸವರಿದರೆ ಹದಿನಾರು. ಎರಡು ವರ್ಷದಲ್ಲಿ ಗಿಡದ ನೆತ್ತಿ ಮೇಲೆ ಪೊರಕೆ ಬೆಳೆದಿರುತ್ತದೆ, ಒಳಗೆ ಬೆಳಕು ಬೀಳದೆ ಕೆಳಗಿನ ಎಲೆ ಉದುರಿ ಬುಡವೆಲ್ಲ ಬರೀ ಬೊಡ್ಡೆ. ನಿಮ್ಮ ದಾಸವಾಳ ಕೈಗೆಟುಕದಲ್ಲಿ ಹೂ ಬಿಡುತ್ತಿರುವುದಕ್ಕೂ ಕಾರಣ ಇದೇ: ಬಿಸಿಲು ಅಲ್ಲಿದೆ, ಹೊಸ ಚಿಗುರು ಅಲ್ಲಿದೆ, ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ.

ಆದ್ದರಿಂದ ಕತ್ತರಿ ಬುಡಕ್ಕೆ ಹೋಗಬೇಕು. ಗಿಡದ ಕೆಳಗೆ ಬಗ್ಗಿ ನೋಡಿ. ನೆಲದಿಂದ ಎದ್ದ ದಪ್ಪ ಕಾಂಡಗಳು ಐದೋ ಆರೋ ಒಂಬತ್ತೋ ಇರುತ್ತವೆ. ಮೊದಲು ಒಣಗಿದ್ದು, ಕೊಳೆತದ್ದು, ಒಂದಕ್ಕೊಂದು ಉಜ್ಜಿ ಗಾಯವಾದದ್ದು ತೆಗೆಯಿರಿ. ಇಷ್ಟಕ್ಕೇ ಗಿಡ ಅರ್ಧ ಹಗುರಾಗುತ್ತದೆ. ಆಮೇಲೆ ಎಲ್ಲಕ್ಕಿಂತ ಹಳೆಯ, ದಪ್ಪನೆಯ ಕಾಂಡಗಳಲ್ಲಿ ಮೂರನೇ ಒಂದು ಪಾಲನ್ನು ನೆಲದಿಂದ ಗೇಣೆತ್ತರ ಬಿಟ್ಟು ಗರಗಸದಲ್ಲಿ ತೆಗೆಯಿರಿ. ಉಳಿದವು ಹಾಗೇ ಇರಲಿ, ಬೇಕಾದರೆ ತೀರಾ ಉದ್ದ ಹೋದ ಒಂದೆರಡನ್ನು ಪಕ್ಕದ ಕವಲಿನವರೆಗೆ ಮೊಟಕು ಮಾಡಿ. ಮುಂದಿನ ವರ್ಷ ಇನ್ನೊಂದು ಪಾಲು, ಅದರ ಮುಂದಿನ ವರ್ಷ ಕೊನೆಯ ಪಾಲು. ಮೂರು ವರ್ಷದಲ್ಲಿ ಗಿಡ ಪೂರ್ತಿ ಹೊಸದು, ಯಾವ ವರ್ಷವೂ ಪೂಜೆಗೆ ಹೂ ತಪ್ಪಿರುವುದಿಲ್ಲ.

ಅಷ್ಟು ತಾಳ್ಮೆ ಇಲ್ಲ, ಒಂದೇ ಸಲಕ್ಕೆ ಹೊಡೆದರೆ ಸಾಯುತ್ತದೆಯೇ? ಗಟ್ಟಿ ಬೇರಿನ ದಾಸವಾಳ ಬಹುತೇಕ ಸಾಯುವುದಿಲ್ಲ. ಆದರೆ ನಾಲ್ಕು ವರ್ಷ ನೀರು ಗೊಬ್ಬರ ಕಾಣದ ಗಿಡಕ್ಕೆ ಇದ್ದಬದ್ದ ಎಲೆಯೆಲ್ಲ ಒಟ್ಟಿಗೆ ಕಿತ್ತುಕೊಂಡರೆ ಚೇತರಿಸಿಕೊಳ್ಳಲು ಎಲ್ಲಿಂದ ಶಕ್ತಿ ತರಬೇಕು? ಚಳಿಯಲ್ಲಿ ಚಿಗುರು ಬೇರೆ ನಿಧಾನ. ಬೋಳು ಕಾಂಡ ವಾರಗಟ್ಟಲೆ ಬಿಸಿಲಿಗೆ ಒಡ್ಡಿಕೊಂಡು ತೊಗಟೆ ಸುಡುತ್ತದೆ. ಹಾಗೆ ಬೆಂದ ಕಡೆಯಿಂದಲೇ ಕೊಳೆ ಶುರು.

ದಾಸವಾಳಕ್ಕೆ ಸಂಕ್ರಾಂತಿ ಕಳೆದ ಮೇಲೆ ಎಂದು ನಾನು ಹೇಳುವುದು ಇದಕ್ಕೇ. ಜನವರಿ ಮೂರನೇ ವಾರದಿಂದ ಹಗಲು ಉದ್ದವಾಗುತ್ತಾ ಬಿಸಿಲು ಏರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುವ ಹೊತ್ತಿಗೆ ಬುಡದಿಂದ ಹೊಸ ಚಿಗುರು ನುಗ್ಗುತ್ತದೆ. ಕತ್ತರಿಸಿದ ಎರಡು ಮೂರು ತಿಂಗಳಿಗೆ ಹೂ. ಡಿಸೆಂಬರಿನಲ್ಲೇ ಅವಸರಪಟ್ಟು ಕತ್ತರಿಸಿದವರಿಗೂ ಹೂ ಸಿಗುವುದು ಹೆಚ್ಚು ಕಡಿಮೆ ಅದೇ ಹೊತ್ತಿಗೆ. ನಡುವಿನ ಧನುರ್ಮಾಸದ ಹೂ ಮಾತ್ರ ಹೋಗಿರುತ್ತದೆ. ಅತ್ತೆಯವರ ಪಂಚಾಂಗದಲ್ಲಿ ತೋಟಗಾರಿಕೆಯೂ ಇದೆ ಅಂದುಕೊಳ್ಳಿ.

ಕತ್ತರಿಸುವಾಗ ಎಲೆಸಂದಿಯಲ್ಲಿ, ಮೊಗ್ಗಿನ ಬುಡದಲ್ಲಿ ಹತ್ತಿಯ ಎಳೆಯಂಥ ಬಿಳಿ ಅಂಟು ಕಂಡರೆ ಅದು ಹಿಟ್ಟು ತಿಗಣೆ. ಪಾಳುಬಿದ್ದ ದಾಸವಾಳದಲ್ಲಿ ಇಲ್ಲದೆ ಇರುವುದು ಅಪರೂಪ. ಅದಿರುವ ಕಡ್ಡಿಗಳನ್ನು ಅಲ್ಲಾಡಿಸದೆ ಕತ್ತರಿಸಿ ನೇರ ಚೀಲಕ್ಕೆ ಹಾಕಿ ಕಟ್ಟಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಕಾಂಡದ ಮೇಲೆ ಇರುವೆ ಸಾಲು ಹೋಗುತ್ತಿದ್ದರೆ ಅವು ಆ ತಿಗಣೆಯ ಸಿಹಿ ಅಂಟಿಗೆ ಬಂದಿರುವ ಗಿರಾಕಿಗಳು. ಅದರ ಆಸೆಗೆ ತಿಗಣೆಯನ್ನು ಕಾಯುತ್ತವೆ, ಇನ್ನೊಂದು ಗಿಡಕ್ಕೆ ಹೊತ್ತೂ ಒಯ್ಯುತ್ತವೆ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿಕೊಳ್ಳಿ.

ನಂದಿಬಟ್ಟಲು, ಕಣಗಿಲೆ ಎರಡಕ್ಕೂ ದಾಸವಾಳದ ಪದ್ಧತಿಯೇ, ಕಾಲವೂ ಅದೇ. ಎರಡೂ ಗಟ್ಟಿಪಿಂಡ, ಹೆಚ್ಚು ಕತ್ತರಿಸಿದರೂ ತಡೆದುಕೊಳ್ಳುತ್ತವೆ. ಕಣಗಿಲೆಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ, ಇದನ್ನು ಕೆಲಸದವರಿಗೂ ಬಾಯಿಬಿಟ್ಟು ಹೇಳಿ. ಅದರ ಎಲೆ, ಕಡ್ಡಿ, ಹೂ, ಹಾಲು ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುವಂಥದ್ದು. ಒಣಗಿದರೂ ವಿಷ ಹೋಗುವುದಿಲ್ಲ. ಕೈಗವಸು ಹಾಕಿ, ಪೂರ್ತಿ ತೋಳಿನ ಅಂಗಿ ಇರಲಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕತ್ತರಿಸಿದ ರಾಶಿಯನ್ನು ಕಾಂಪೌಂಡಿನಾಚೆ ಎಸೆದರೆ ಬೀದಿಯ ದನ ತಿಂದೀತು. ಸುಟ್ಟರೆ ಆ ಹೊಗೆಯೂ ಒಳ್ಳೆಯದಲ್ಲ, ನೀರೊಲೆಗೆ ಹಾಕುವ ಯೋಚನೆಯೂ ಬೇಡ. ಬೇರೆ ಕಟ್ಟಿ, ಕಣಗಿಲೆ ಎಂದು ಹೇಳಿಯೇ ಕಸದವರಿಗೆ ಕೊಡಿ, ಅಥವಾ ಮೂಲೆಯಲ್ಲಿ ಆಳವಾಗಿ ಹೂಳಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಗಿಡವನ್ನೇ ಬುಡಸಮೇತ ತೆಗೆದುಬಿಡಿ ಅನ್ನುವವನು ನಾನು. ಪೂಜೆಗೆ ಬೇರೆ ಹೂ ಸಾಕಷ್ಟಿದೆ.

ಪಾರಿಜಾತ ಮಳೆಗಾಲದ ಕೊನೆಯಿಂದ ಚಳಿಯ ಆರಂಭದವರೆಗೆ ಹೂ ಸುರಿಸಿ ದಣಿದಿರುತ್ತದೆ. ಆಮೇಲೆ ಎಲೆಯೂ ಜಾರತೊಡಗುತ್ತದೆ. ಹೂ ನಿಂತು ಬೀಜದ ಬಿಲ್ಲೆಗಳು ಕಂದಾದ ಮೇಲೆ, ಫೆಬ್ರವರಿಯಲ್ಲಿ ಕತ್ತರಿಸಿ. ಇದು ಪೊದೆಗಿಂತ ಪುಟ್ಟ ಮರ, ಕೊಂಬೆಗಳು ದಪ್ಪ. ದಪ್ಪ ಕೊಂಬೆಯನ್ನು ಮೇಲಿಂದ ಒಂದೇ ಏಟಿಗೆ ಕೊಯ್ದರೆ ಅದು ಮುರಿದು ಬೀಳುವಾಗ ಕಾಂಡದ ತೊಗಟೆಯನ್ನು ಸೀಳಿಕೊಂಡೇ ಬೀಳುತ್ತದೆ. ಕಾಂಡದಿಂದ ಒಂದಡಿ ಆಚೆ ಮೊದಲು ಕೆಳಗಿನಿಂದ ಕಾಲು ಭಾಗ ಕೊಯ್ಯಿರಿ. ಅದಕ್ಕಿಂತ ಎರಡು ಬೆರಳು ಆಚೆ ಮೇಲಿಂದ ಕೊಯ್ಯಿರಿ, ಭಾರವೆಲ್ಲ ಬೀಳುತ್ತದೆ. ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಉಂಗುರದಂಥ ಭಾಗ ಕಾಣುತ್ತದಲ್ಲ, ಅದನ್ನು ಬಿಟ್ಟು ಅದರ ಹೊರಗೆ ಕೊಯ್ಯಬೇಕು. ಗಾಯ ಮುಚ್ಚುವ ಹೊಸ ತೊಗಟೆ ಹುಟ್ಟುವುದು ಆ ಉಂಗುರದಿಂದ. ನುಣ್ಣಗಿರಲಿ ಎಂದು ಅದನ್ನೂ ಕೆತ್ತಿದರೆ ಗಾಯ ಮುಚ್ಚುವುದಿಲ್ಲ. ಗೇಣುದ್ದ ಮೋಟು ಬಿಟ್ಟರೂ ಮುಚ್ಚುವುದಿಲ್ಲ, ಒಣಗಿ ಒಳಕ್ಕೆ ಕೊಳೆಯುತ್ತದೆ.

ಗಾಯಕ್ಕೆ ಏನು ಹಚ್ಚಬೇಕು ಎಂದು ಎಲ್ಲರೂ ಕೇಳುತ್ತಾರೆ. ಒಣ ಹವೆಯಲ್ಲಿ ಏನೂ ಬೇಡ. ಪೇಂಟು, ಟಾರು ಹಚ್ಚಿ ತೇವವನ್ನು ಒಳಗೇ ಕಟ್ಟಿಹಾಕುವುದಕ್ಕಿಂತ ಬಿಟ್ಟರೆ ತಾನೇ ಒಣಗುತ್ತದೆ. ಹೆಬ್ಬೆರಳಿಗಿಂತ ಬಹಳ ದಪ್ಪದ ಗಾಯವಿದ್ದು, ಮೋಡ ಕವಿದಿದ್ದರೆ ಬೋರ್ಡೋ ಮುಲಾಮು ಹಚ್ಚಬಹುದು: 100 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್), 100 ಗ್ರಾಂ ಸುಣ್ಣ, ಬೇರೆ ಬೇರೆ ಅರ್ಧರ್ಧ ಲೀಟರ್ ನೀರಿನಲ್ಲಿ ಕರಗಿಸಿ ಒಟ್ಟಿಗೆ ಬೆರೆಸಿದ್ದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಾಡಿ, ಕಬ್ಬಿಣದ್ದು ಬೇಡ. ಬಂಗಾಳ ಕೊಲ್ಲಿಯ ಚಂಡಮಾರುತದ ಜಿಟಿಜಿಟಿ ಹಿಡಿದಿರುವ ವಾರದಲ್ಲಿ ಕತ್ತರಿಯನ್ನೇ ಮುಟ್ಟದಿರುವುದು ಇನ್ನೂ ಒಳ್ಳೆಯದು. ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ನಂತರ ಶುರು ಮಾಡಿ. ಬೋಳಾದ ದಪ್ಪ ಕಾಂಡಗಳಿಗೆ ತೆಳುವಾಗಿ ಸುಣ್ಣ ಬಳಿದರೆ ಮಾರ್ಚ್ ಬಿಸಿಲು ತಟ್ಟುವುದಿಲ್ಲ.

ಕಾಗದದ ಹೂವಿನ ವಿಷಯದಲ್ಲಿ ನಾನೇ ಪಾಠ ಕಲಿತವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಬ್ಬಕ್ಕೆ ಮನೆ ಅಚ್ಚುಕಟ್ಟಾಗಿರಲಿ ಎಂದು ಡಿಸೆಂಬರಿನಲ್ಲಿ ನಮ್ಮ ಗೋಡೆಯ ಬಳ್ಳಿಯನ್ನು ಚೊಕ್ಕಟವಾಗಿ ಕತ್ತರಿಸಿ, ಮೇಲಿಂದ ಗೊಬ್ಬರ ಹಾಕಿ, ದಿನಾ ನೀರೂ ಬಿಟ್ಟೆ. ಫೆಬ್ರವರಿಯಲ್ಲಿ ಬೀದಿಯ ಗೋಡೆಗಳೆಲ್ಲ ಗುಲಾಬಿ, ಕಿತ್ತಳೆ, ಬಿಳಿ. ನಮ್ಮದು ಬರೀ ಹಸಿರು. ಈ ಬಳ್ಳಿಗೆ ಹೂ ಬರುವುದು ಹಗಲು ಚಿಕ್ಕದಾಗಿ ಮಣ್ಣು ಒಣಗಿದಾಗ. ನೀರು, ಗೊಬ್ಬರ, ಕತ್ತರಿ ಮೂರೂ ಕೊಟ್ಟರೆ ಅದು ಹೂವನ್ನು ಮರೆತು ಎಲೆ ಬೆಳೆಸುತ್ತದೆ. ಅಂದಹಾಗೆ ನಾವು ಹೂ ಅನ್ನುವ ಆ ಬಣ್ಣದ ಕಾಗದ ನಿಜಕ್ಕೂ ಎಲೆಯೇ, ಹೂವು ಒಳಗಿನ ಪುಟ್ಟ ಬಿಳಿ ಕೊಳವೆ. ಹಾಗಾಗಿ ಈಗ ದಾರಿಗೆ ಅಡ್ಡ ಬಂದು ಕಣ್ಣಿಗೆ ಚುಚ್ಚುವ ಮುಳ್ಳುಕಡ್ಡಿಗಳನ್ನು ಮಾತ್ರ ತೆಗೆಯಿರಿ, ನೀರು ಕಡಿಮೆ ಮಾಡಿ. ಬಣ್ಣವೆಲ್ಲ ಉದುರಿದ ಮೇಲೆ, ಮುಂಗಾರು ಹಿಡಿಯುವ ಹೊತ್ತಿಗೆ ಅರ್ಧಕ್ಕರ್ಧ ಕತ್ತರಿಸಿದರೂ ಅದು ಬೇಜಾರು ಮಾಡಿಕೊಳ್ಳುವುದಿಲ್ಲ.

ಗುಲಾಬಿಗೆ ನಮ್ಮ ಕಡೆ ಕತ್ತರಿ ಬೀಳಬೇಕಾದದ್ದು ಅಕ್ಟೋಬರಿನಲ್ಲಿ. ಆಗ ಕತ್ತರಿಸಿದರೆ ಆರೇಳು ವಾರಕ್ಕೆ, ಚಳಿಗೆ ಸರಿಯಾಗಿ ದೊಡ್ಡ ಹೂ. ಆ ಗಾಡಿ ತಪ್ಪಿದೆ. ಈಗ ಒಣಕಡ್ಡಿ, ಪೆನ್ಸಿಲಿಗಿಂತ ತೆಳ್ಳಗಿನ ಪೀಚು ಕಡ್ಡಿ ತೆಗೆದು, ಉಳಿದದ್ದನ್ನು ಹೊರಮುಖದ ಮೊಗ್ಗಿನ ಮೇಲೆ ಕಾಲಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಬುಡ ಮಾತ್ರ ಚೆನ್ನಾಗಿ ನೋಡಿ. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬೇರೆ ಥರದ ಎಲೆಯ, ಉದ್ದುದ್ದ ಕೊಂಬೆ ಎದ್ದಿದ್ದರೆ ಅದು ಕಾಡುಗುಲಾಬಿ. ನಾಲ್ಕು ವರ್ಷದಲ್ಲಿ ಅದೇ ಗಿಡವನ್ನು ನುಂಗಿಹಾಕಿರಲೂಬಹುದು. ಕತ್ತರಿಸಿದರೆ ಮತ್ತೆ ಬರುತ್ತದೆ, ಬುಡದ ಮಣ್ಣು ಸರಿಸಿ ಹುಟ್ಟಿದ ಜಾಗದಿಂದಲೇ ಕಿತ್ತುಹಾಕಿ. ಗಂಟಿನ ಮೇಲೆ ಏನೂ ಉಳಿದಿಲ್ಲವೆಂದರೆ ಆ ಗಿಡದ ಆಸೆ ಬಿಡಿ.

ಮಾಲಿಯವರ ಕೈಯಿಂದ ನೀವು ಕಾಪಾಡಬೇಕಾದದ್ದು ಥೂಜಾ ಎರಡನ್ನು. ಬೀಸಣಿಗೆ ಎಲೆಯ ಈ ಗಿಡ ದಾಸವಾಳದ ಜಾತಿಯಲ್ಲ. ಎಲೆ ಉದುರಿದ ಕಂದು ಕಡ್ಡಿಯಿಂದ ಅದು ಮತ್ತೆ ಚಿಗುರುವುದಿಲ್ಲ. ಹೊರಗಿನ ಹಸಿರನ್ನು ಎರಡಂಗುಲ ಸವರಬಹುದು, ಅದಕ್ಕಿಂತ ಒಳಗೆ ಹೋದರೆ ಅಲ್ಲಿ ತೂತು ಬಿದ್ದದ್ದು ಬಿದ್ದಂತೆಯೇ. ಮೊಣಕಾಲೆತ್ತರಕ್ಕೆ ಹೊಡೆದರೆ ಗೇಟಿನ ಪಕ್ಕ ಎರಡು ಗೂಟ ಉಳಿಯುತ್ತವೆ. ತೀರಾ ದೊಡ್ಡದಾಗಿ ದಾರಿ ಕಟ್ಟಿದ್ದರೆ ಬುಡಸಮೇತ ತೆಗೆದು ಬೇರೆ ಗಿಡ ನೆಡುವುದೇ ದಾರಿ.

ಕೆಲಸ ಶುರು ಮಾಡುವ ದಿನ ಮೊದಲು ಕೋಲಿನಿಂದ ಪೊದೆಗಳನ್ನು ಬಡಿದು, ಬುಡದ ತರಗೆಲೆಯನ್ನು ಕುಂಟೆಯಿಂದ ಎಳೆದು ತೆಗೆಯಿರಿ. ನಾಲ್ಕು ವರ್ಷ ಜನ ಓಡಾಡದ ಜಾಗದಲ್ಲಿ ಹಾವು ಇರಬಹುದು, ಕಂಬಳಿಹುಳು ಖಂಡಿತ ಇರುತ್ತದೆ. ಬೂಟು ಹಾಕಿಕೊಳ್ಳಿ, ಚಪ್ಪಲಿ ಬೇಡ. ಸೂರಕ್ಕಿ, ಸಿಂಪಿಗದ ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇದ್ದರೆ ಆ ಕೊಂಬೆಗೆ ಒಂದು ತಿಂಗಳು ವಾಯಿದೆ ಕೊಡಿ. ಸಿಂಪಿಗ ಎಲೆಗಳನ್ನೇ ಹೊಲಿದು ಗೂಡು ಮಾಡುತ್ತದೆ, ಹತ್ತಿರ ಹೋಗಿ ನೋಡದಿದ್ದರೆ ತಿಳಿಯುವುದೇ ಇಲ್ಲ. ಸಾಧನಕ್ಕೆ ಮಚ್ಚು ಬೇಡ, ಅದು ಕಡ್ಡಿಯನ್ನು ಕತ್ತರಿಸುವುದಿಲ್ಲ, ಸೀಳುತ್ತದೆ. ಬೆರಳು ಗಾತ್ರದವರೆಗೆ ಒಂದು ಅಲಗು ಇನ್ನೊಂದನ್ನು ದಾಟಿ ಹೋಗುವಂಥ ಪ್ರೂನಿಂಗ್ ಕತ್ತರಿ, ಅದಕ್ಕಿಂತ ದಪ್ಪಕ್ಕೆ ಮಡಚುವ ಗರಗಸ, ಎರಡೇ ಸಾಕು.

ಕತ್ತರಿಸಿದ ಮೇಲೆ ಎಲ್ಲರೂ ಕನಿಕರದಿಂದ ಬಕೆಟ್‌ಗಟ್ಟಲೆ ನೀರು ಸುರಿಯುತ್ತಾರೆ. ಎಲೆಯೇ ಇಲ್ಲದ ಗಿಡ ಆ ನೀರನ್ನು ಏನು ಮಾಡಬೇಕು? ಚಳಿಯಲ್ಲಿ ಮಣ್ಣು ಬೇಗ ಆರುವುದೂ ಇಲ್ಲ, ಬೇರು ಕೊಳೆಯುತ್ತದೆ. ಎರಡಂಗುಲ ಕೆಳಗಿನ ಮಣ್ಣು ಒಣಗಿದಾಗ ಮಾತ್ರ ನೀರು. ಮಲ್ಲಿಗೆ ಬಿಟ್ಟು ಉಳಿದವಕ್ಕೆ ಗೊಬ್ಬರವೂ ಚಿಗುರು ಕಾಣುವವರೆಗೆ ಬೇಡ. ಯೂರಿಯಾ ಹಾಕಿ ಅವಸರಪಡಿಸಬೇಡಿ, ನೀರುನೀರಾದ ಚಿಗುರಿಗೆ ಸಸ್ಯಹೇನು ಮುತ್ತುತ್ತದೆ. ಬುಡದಿಂದ ಹತ್ತು ಹನ್ನೆರಡು ಚಿಗುರು ಒಟ್ಟಿಗೆ ಎದ್ದಾಗ ಗಟ್ಟಿಯಾದ ನಾಲ್ಕೈದನ್ನು ಉಳಿಸಿ, ಉಳಿದದ್ದನ್ನು ಎಳೆಯದಾಗಿರುವಾಗಲೇ ಕೈಯಲ್ಲಿ ಚಿವುಟಿ. ಇದನ್ನು ಮರೆತರೆ ಮೂರು ವರ್ಷಕ್ಕೆ ಮತ್ತೆ ಇದೇ ಪ್ರಶ್ನೆ ಬರೆಯುತ್ತೀರಿ.

ಮಾಲಿಯವರಿಗೆ ಈ ವಾರ ಗುಂಡುಮಲ್ಲಿಗೆ, ಒಣಕಡ್ಡಿ ಮತ್ತು ದಾರಿ ಬಿಡಿಸುವ ಕೆಲಸ ಕೊಡಿ. ಒಂದು ದಿನದ ಕೂಲಿಗೆ ಅಷ್ಟು ಸಾಕು. ಸಂಕ್ರಾಂತಿಯ ಮಾರನೆಯ ವಾರ ಮತ್ತೆ ಬರಲು ಹೇಳಿ, ಅವತ್ತು ದಾಸವಾಳದ ಬುಡದಲ್ಲಿ ತೆಗೆಯಬೇಕಾದ ಕಾಂಡಗಳಿಗೆ ಮೊದಲೇ ನೀವೇ ಸುಣ್ಣದ ಗೀಟು ಎಳೆದಿಟ್ಟಿರಿ. ಗೀಟಿಲ್ಲದ್ದಕ್ಕೆ ಗರಗಸ ಹಾಕಬಾರದು ಎಂದು ಮೊದಲೇ ಮಾತಾಗಿರಲಿ. ಅತ್ತೆಯವರನ್ನು ಹತ್ತಿರದಲ್ಲೇ ಕುರ್ಚಿ ಹಾಕಿ ಕೂರಿಸಿದರೆ ಇನ್ನೂ ಕ್ಷೇಮ.